ಏರಿಯ ಮೇಲಿನ ಪಾಠಶಾಲೆ

ವರ್ಷದಲ್ಲಿ ಕೆಲವು ತಿಂಗಳಾದರೂ ನೀರಿನಲ್ಲಿ ನೆನೆದು, ಆ ನೀರಿನಿಂದಲೇ ತನ್ನ ಮಣ್ಣು, ಗಿಡ, ಜೀವಗಳನ್ನು ರೂಪಿಸಿಕೊಂಡ ನೆಲಕ್ಕೆ ಜೌಗು ಪ್ರದೇಶ ಎಂದು ಹೆಸರು. ಇರಾನಿನ ರಾಮ್ಸಾರ್ ಪಟ್ಟಣದಲ್ಲಿ 1971ರ ಫೆಬ್ರವರಿ 2ರಂದು ಸಹಿಯಾದ ಅಂತರರಾಷ್ಟ್ರೀಯ ಒಪ್ಪಂದವು ಈ ಮಾತಿಗೆ ಬಹಳ ವಿಶಾಲವಾದ ಅರ್ಥ ಕೊಟ್ಟಿದೆ. ತಾನಾಗಿ ಆದದ್ದೋ ಮನುಷ್ಯರು ಕಟ್ಟಿದ್ದೋ, ಸದಾ ತುಂಬಿರುವುದೋ ಬೇಸಿಗೆಗೆ ಬತ್ತುವುದೋ, ನಿಂತ ನೀರೋ ಹರಿಯುವ ನೀರೋ, ಎಲ್ಲವೂ ಅದರೊಳಗೆ ಬರುತ್ತವೆ. ಹಾಗೆ ನೋಡಿದರೆ ಬೀದರ್ ನಗರದ ಪಾಪನಾಶ ಕೆರೆ, ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದ ಹಿನ್ನೀರು, ಔರಾದ್ ಸೀಮೆಯ ಮಾಂಜ್ರಾ ದಂಡೆ ಎಲ್ಲವೂ ಜೌಗು ಪ್ರದೇಶಗಳೇ. ಆದರೆ ಅಲ್ಲಿ ಬದುಕುವವರು ಯಾರೂ ಅವನ್ನು ಆ ಹೆಸರಿನಿಂದ ಕರೆಯುವುದಿಲ್ಲ. ಅವರ ಬಾಯಲ್ಲಿ ಅದು ಕೆರೆ, ಹಳ್ಳ, ಝೀರಾ (ಚಿಲುಮೆ), ತಲಾಬ್. ನೀರಿನ ನೆಲೆಗಳನ್ನು ಉಳಿಸುವ ಜನಶಿಕ್ಷಣ ಈ ಹೆಸರುಗಳಿಂದಲೇ ಶುರುವಾಗಬೇಕಾಗುತ್ತದೆ.

ಕೆಂಪುಕಲ್ಲು, ಕರಿಕಲ್ಲು

ಬೀದರ್ ಜಿಲ್ಲೆಯ ನೀರಿನ ಕಥೆಯನ್ನು ಎರಡು ಕಲ್ಲುಗಳು ಹೇಳುತ್ತವೆ. ಬೀದರ್ ನಗರ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಈ ಕೆಂಪುಕಲ್ಲಿನ ಮೈತುಂಬ ಸಣ್ಣ ಸಣ್ಣ ರಂಧ್ರಗಳು. ಅದರ ಅಡಿಯಲ್ಲಿ ಲಾವಾ ಹೆಪ್ಪುಗಟ್ಟಿ ಆದ ದಖ್ಖನ್ನಿನ ಕರಿಕಲ್ಲು. ಮಳೆಯ ನೀರು ಕೆಂಪುಕಲ್ಲಿನೊಳಗೆ ಇಳಿಯುತ್ತದೆ, ಕರಿಕಲ್ಲು ಅಡ್ಡ ಬಂದಾಗ ಕೆಳಗಿಳಿಯಲಾರದೆ ಅಡ್ಡಡ್ಡ ಹರಿದು, ಪ್ರಸ್ಥಭೂಮಿಯ ಅಂಚಿನಲ್ಲಿ ಚಿಲುಮೆಯಾಗಿ ಹೊರಬರುತ್ತದೆ. ಗುರುನಾನಕ್ ಝೀರಾದ ಸಿಹಿನೀರು, ಪಾಪನಾಶದ ಚಿಲುಮೆ, ಎದೆಮಟ್ಟದ ನೀರಿನಲ್ಲಿ ಗುಹೆಯೊಳಗೆ ನಡೆದು ದರ್ಶನ ಪಡೆಯುವ ಝರಣಿ ನರಸಿಂಹನ ಸನ್ನಿಧಿ, ಇವೆಲ್ಲ ಈ ಕಲ್ಲಿನ ಕೃಪೆ.

ಭಾಲ್ಕಿ ಮತ್ತು ಔರಾದ್ ಕಡೆಗೆ ಇಳಿದಂತೆ ಕೆಂಪು ಮುಗಿದು ಕಪ್ಪು ಮಣ್ಣು ಶುರುವಾಗುತ್ತದೆ. ಮಳೆಯಲ್ಲಿ ಉಬ್ಬಿ ಅಂಟಾಗುವ, ಬೇಸಿಗೆಯಲ್ಲಿ ಬಿರುಕು ಬಿಡುವ ಎರೆಭೂಮಿ ಅದು. ಇಲ್ಲಿ ನೀರು ನೆಲದೊಳಗೆ ಇಳಿಯುವುದಕ್ಕಿಂತ ಹೆಚ್ಚಾಗಿ ಮೇಲೆಯೇ ಹರಿದು ಹಳ್ಳ ಸೇರುತ್ತದೆ. ಆದ್ದರಿಂದ ಕೆರೆಕಟ್ಟೆಗಳು, ನದಿ ದಂಡೆ, ಜಲಾಶಯಗಳೇ ಈ ಭಾಗದ ಮುಖ್ಯ ನೀರಿನ ನೆಲೆಗಳು. ಮಹಾರಾಷ್ಟ್ರದ ಬಾಲಾಘಾಟ್ ಬೆಟ್ಟಸಾಲಿನಲ್ಲಿ ಹುಟ್ಟುವ ಮಾಂಜ್ರಾ ಜಿಲ್ಲೆಯನ್ನು ಹಾದು ತೆಲಂಗಾಣಕ್ಕೆ ಹೋಗಿ ಗೋದಾವರಿಯನ್ನು ಕೂಡುತ್ತದೆ. ಅದರ ಉಪನದಿ ಕಾರಂಜಾಕ್ಕೆ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿ ಕಟ್ಟಿದ ಅಣೆಕಟ್ಟಿನ ಸಾಮರ್ಥ್ಯ 7.69 ಟಿಎಂಸಿ ಅಡಿ.

ಈ ಭೂವಿಜ್ಞಾನವನ್ನು ಕಲಿಸಲು ಪ್ರಯೋಗಾಲಯ ಬೇಕಿಲ್ಲ. ಶಾಲೆಯ ಅಂಗಳದಲ್ಲಿ ಒಂದು ಜಂಬಿಟ್ಟಿಗೆ ತುಂಡು, ಒಂದು ಕರಿಕಲ್ಲು ಪಕ್ಕಪಕ್ಕ ಇಟ್ಟು ಎರಡರ ಮೇಲೂ ಒಂದೊಂದು ಲೋಟ ನೀರು ಹೊಯ್ದರೆ ಸಾಕು. ಕರಿಕಲ್ಲಿನ ಮೇಲೆ ಬಿದ್ದ ನೀರು ಜಾರಿ ನೆಲಕ್ಕೆ ಹೋಗುತ್ತದೆ. ಕೆಂಪುಕಲ್ಲು ಅದನ್ನು ಹೀರುತ್ತದೆ, ಅದರ ಬಣ್ಣ ಗಾಢವಾಗುತ್ತದೆ, ಸ್ವಲ್ಪ ಹೊತ್ತಿಗೆ ಬುಡದ ಅಂಚಿನಲ್ಲಿ ಹನಿ ಮೂಡುತ್ತದೆ. ಆ ಹನಿಯೇ ಝೀರಾ. ಪ್ರಸ್ಥಭೂಮಿಯ ಮೇಲೆ ಕಾಂಕ್ರೀಟು ಹಾಸಿದರೆ ಕೆಳಗಿನ ಚಿಲುಮೆ ಏಕೆ ಬತ್ತುತ್ತದೆ ಎಂಬುದನ್ನು ವಿವರಿಸಲು ಆಮೇಲೆ ಹೆಚ್ಚು ಮಾತು ಬೇಕಾಗುವುದಿಲ್ಲ.

ಕಾನೂನಿನ ಬೇಲಿ ಎಲ್ಲಿಯವರೆಗೆ

ಜನಶಿಕ್ಷಣಕ್ಕೆ ಈ ಜಿಲ್ಲೆಯಲ್ಲಿ ಇಷ್ಟು ತೂಕ ಬರಲು ಒಂದು ಕಾರಣ ಕಾನೂನಿನಲ್ಲೇ ಇದೆ. ಕರ್ನಾಟಕದಲ್ಲಿ ರಾಮ್ಸಾರ್ ಪಟ್ಟಿ ಸೇರಿದ ತಾಣಗಳು ನಾಲ್ಕು: 2022ರಲ್ಲಿ ರಂಗನತಿಟ್ಟು, 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ. ಇವುಗಳಲ್ಲಿ ಮಾಗಡಿ, ಅಂಕಸಮುದ್ರ ಎರಡೂ ಹಳ್ಳಿಯ ನೀರಾವರಿ ಕೆರೆಗಳೇ. ಊರಿನವರು ಹಕ್ಕಿಗಳಿಗೆ ತೊಂದರೆ ಕೊಡದೆ ಕಾಯ್ದುಕೊಂಡು ಬಂದದ್ದರಿಂದ ಅವು ಹಕ್ಕಿಗಳ ನೆಲೆಯಾಗಿ ಉಳಿದವು.

ರಾಮ್ಸಾರ್ ತಾಣಗಳಿಗೂ ಸರ್ಕಾರ ಅಧಿಸೂಚನೆ ಹೊರಡಿಸಿದ ಇತರ ಜೌಗು ಪ್ರದೇಶಗಳಿಗೂ 2017ರ ಜೌಗು ಪ್ರದೇಶ (ಸಂರಕ್ಷಣೆ ಮತ್ತು ನಿರ್ವಹಣೆ) ನಿಯಮಗಳು ಅನ್ವಯಿಸುತ್ತವೆ. ಒತ್ತುವರಿ, ಕಸ ಸುರಿಯುವುದು, ಶುದ್ಧೀಕರಿಸದ ಕೊಳಚೆ ಬಿಡುವುದು, ಬೇಟೆ, ಸರಾಸರಿ ಗರಿಷ್ಠ ಪ್ರವಾಹ ಮಟ್ಟದಿಂದ 50 ಮೀಟರ್ ಒಳಗೆ ಶಾಶ್ವತ ಕಟ್ಟಡ ಇವುಗಳನ್ನು ಆ ನಿಯಮಗಳು ನಿಷೇಧಿಸುತ್ತವೆ. ಆದರೆ ನದಿಯ ಪಾತ್ರ, ಗದ್ದೆಗಳು, ಕುಡಿಯುವ ನೀರಿಗೆಂದು ಅಥವಾ ನೀರಾವರಿಗೆಂದು ಮನುಷ್ಯರು ಕಟ್ಟಿದ ಜಲಮೂಲಗಳು ಈ ನಿಯಮಗಳ ವ್ಯಾಪ್ತಿಯಿಂದ ಹೊರಗಿವೆ. ಬೀದರ್ ಜಿಲ್ಲೆಯ ಕೆರೆಗಳಲ್ಲಿ ಹೆಚ್ಚಿನವು ಬೇಸಾಯಕ್ಕೆಂದು ಕಟ್ಟಿದವು. ಕಾರಂಜಾ ಜಲಾಶಯ ನೀರಾವರಿ ಮತ್ತು ಕುಡಿಯುವ ನೀರಿನದು. ಮಾಂಜ್ರಾ ನದಿ. ಎಂದರೆ ಜಿಲ್ಲೆಯ ಬಹುಪಾಲು ನೀರಿನ ನೆಲೆಗಳು ಈ ಬೇಲಿಯ ಆಚೆಗೆ ಉಳಿಯುತ್ತವೆ.

ಸುಪ್ರೀಂ ಕೋರ್ಟ್ ಈ ಅಂತರವನ್ನು ಒಂದಿಷ್ಟು ತುಂಬಿದೆ. ಇಸ್ರೋ ನಕ್ಷೆಯಲ್ಲಿ ಗುರುತಾದ, 2.25 ಹೆಕ್ಟೇರಿಗಿಂತ ದೊಡ್ಡದಾದ 2,01,503 ಜೌಗು ಪ್ರದೇಶಗಳನ್ನು ಹಿಂದಿನ 2010ರ ನಿಯಮಗಳ ತತ್ವದಂತೆ ಕಾಪಾಡಬೇಕೆಂದು ಅದು 2017ರಲ್ಲಿ ಹೇಳಿತು. 2021ರ ಹೊಸ ನಕ್ಷೆಯಲ್ಲಿ ಆ ಸಂಖ್ಯೆ 2,31,195ಕ್ಕೆ ಏರಿತು. ಇವುಗಳನ್ನು ಸ್ಥಳಕ್ಕೆ ಹೋಗಿ ಪರಿಶೀಲಿಸಿ ಗಡಿ ಗುರುತಿಸಬೇಕೆಂದು 2024ರ ಡಿಸೆಂಬರಿನಲ್ಲಿ ಕೋರ್ಟ್ ಆದೇಶಿಸಿತು. ಉಪಗ್ರಹದ ಚಿತ್ರ ನೀರಿನ ಹರವನ್ನು ತೋರಿಸುತ್ತದೆ. ಕೋಡಿ ಎಲ್ಲಿತ್ತು, ಯಾವ ಮಳೆಗೆ ನೀರು ಎಲ್ಲಿಯವರೆಗೆ ಬಂದಿತ್ತು, ಯಾವ ಹೊಲದ ಬದು ಕೆರೆಯೊಳಗೆ ಸರಿಯಿತು ಎಂಬುದು ಊರಿನ ಹಿರಿಯರಿಗೆ ಮಾತ್ರ ಗೊತ್ತು. ಗಡಿ ಗುರುತಿಸುವ ಕೆಲಸಕ್ಕೆ ಆ ತಿಳಿವಳಿಕೆ ಬೇಕೇ ಬೇಕು.

ಅರಿವಿನ ಕಾರ್ಯಕ್ರಮಗಳು ಬೆಳೆದು ಬಂದ ಬಗೆ

ರಾಮ್ಸಾರ್ ಒಪ್ಪಂದದ ಸದಸ್ಯ ದೇಶಗಳು ಮೊದಮೊದಲು ಹಕ್ಕಿಗಳ ಎಣಿಕೆ, ಗಡಿ, ಕಾನೂನುಗಳ ಮೇಲೆ ಗಮನ ಇಟ್ಟಿದ್ದವು. ಜನರನ್ನು ಬಿಟ್ಟು ಯಾವ ಕೆರೆಯೂ ಉಳಿಯದು ಎಂಬುದು ಅನುಭವದಿಂದ ತಿಳಿದ ಮೇಲೆ, 1999ರಲ್ಲಿ ಕೋಸ್ಟರಿಕಾದ ಸಾನ್ ಹೋಸೆಯಲ್ಲಿ ನಡೆದ ಸಮ್ಮೇಳನ ಜನಶಿಕ್ಷಣಕ್ಕೆ ಪ್ರತ್ಯೇಕ ಕಾರ್ಯಕ್ರಮವನ್ನೇ ರೂಪಿಸಿತು. ಸಂವಹನ, ಶಿಕ್ಷಣ, ಅರಿವು ಎಂದು ಶುರುವಾದ ಆ ಪಟ್ಟಿಗೆ ಮುಂದೆ ಸಾಮರ್ಥ್ಯ ವರ್ಧನೆ ಮತ್ತು ಪಾಲ್ಗೊಳ್ಳುವಿಕೆ ಸೇರಿದವು. ಕೊನೆಗೆ ಸೇರಿದ ಈ ಎರಡು ಮಾತುಗಳೇ ಮುಖ್ಯವಾದವು. ತಿಳಿಸಿ ಹೋಗುವುದರ ಜೊತೆಗೆ, ಕೆಲಸ ಮಾಡುವ ಕೌಶಲವನ್ನೂ ತೀರ್ಮಾನಿಸುವ ಹಕ್ಕನ್ನೂ ಜನರ ಕೈಗೆ ಕೊಡಬೇಕೆಂಬ ಒಪ್ಪಿಗೆ ಅವುಗಳಲ್ಲಿದೆ.

ಫೆಬ್ರವರಿ 2ನ್ನು 1997ರಿಂದ ವಿಶ್ವ ಜೌಗು ಪ್ರದೇಶ ದಿನವಾಗಿ ಆಚರಿಸಲಾಗುತ್ತಿದೆ. 2021ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅದಕ್ಕೆ ಮಾನ್ಯತೆ ಕೊಟ್ಟಿತು. ಭಾರತ ಒಪ್ಪಂದ ಸೇರಿದ್ದು 1982ರಲ್ಲಿ. ದೇಶದ ಶಾಲೆಗಳಲ್ಲಿ ಈ ಶತಮಾನದ ಆರಂಭದಿಂದ ರಾಷ್ಟ್ರೀಯ ಹಸಿರು ಪಡೆಯ ಇಕೋ ಕ್ಲಬ್‌ಗಳು ನಡೆದಿವೆ. ಕೇಂದ್ರ ಪರಿಸರ ಸಚಿವಾಲಯ 2022ರಲ್ಲಿ ಆರಂಭಿಸಿದ ಮಿಷನ್ ಸಹಭಾಗಿತಾ, ಊರಿನವರೇ ಜೌಗು ಪ್ರದೇಶದ ಮಿತ್ರರಾಗಿ ನೋಡಿಕೊಳ್ಳುವ ಪದ್ಧತಿಗೆ ಒತ್ತು ಕೊಡುತ್ತದೆ. 2017ರ ನಿಯಮಗಳ ಪ್ರಕಾರ ಜನರಲ್ಲಿ ಅರಿವು ಹೆಚ್ಚಿಸುವುದು ರಾಜ್ಯ ಜೌಗು ಪ್ರದೇಶ ಪ್ರಾಧಿಕಾರದ ಕರ್ತವ್ಯಗಳಲ್ಲಿ ಒಂದು.

ಬೀದರ್: ಸುರಂಗ ಕಲಿಸಿದ್ದು

ಬೀದರ್ ನಗರದಲ್ಲಿ ನೀರಿನ ಅರಿವಿಗೆ ದೊಡ್ಡ ಗುರುವಾದದ್ದು ಕಾರೇಜ್, ಎಂದರೆ ಸುರಂಗ ಬಾವಿ. ಬಹಮನಿ ಸುಲ್ತಾನರು 15ನೇ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದಾಗ ಪರ್ಷಿಯಾದ ನೀರಿನ ವಿದ್ಯೆಯೂ ಜೊತೆಗೆ ಬಂತು. ನೆಲದಡಿಯಲ್ಲಿ ಸ್ವಲ್ಪವೇ ಇಳಿಜಾರು ಇರುವಂತೆ ಸುರಂಗ ಕೊರೆದು, ಅಲ್ಲಲ್ಲಿ ಗಾಳಿ ಬೆಳಕಿಗೆ ಬಾವಿಯಂಥ ಕಂಡಿಗಳನ್ನು ಬಿಟ್ಟು, ಕೆಂಪುಕಲ್ಲಿನಲ್ಲಿ ಜಿನುಗುವ ನೀರನ್ನು ಎಲ್ಲೂ ಎತ್ತದೆ ಬಳಸುವ ಜಾಗಕ್ಕೆ ಹರಿಸುವ ವ್ಯವಸ್ಥೆ ಅದು. ನೌಬಾದ್ ಕಾರೇಜ್ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದವಿದೆ. ಶುಕ್ಲತೀರ್ಥ, ಜಮುನಾ ಮೋರಿ ನಗರದ ಇನ್ನೆರಡು ಕಾರೇಜ್‌ಗಳು.

ಬಳಕೆ ತಪ್ಪಿದ ಮೇಲೆ ಕಂಡಿಗಳು ಕಸದ ಗುಂಡಿಗಳಾದವು, ಕೆಲವು ಮುಚ್ಚಿಹೋದವು. ಕೇರಳದ ಚಿತ್ತೂರು ಸರ್ಕಾರಿ ಕಾಲೇಜಿನ ಭೂಗೋಳ ಅಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಅವರು ನೌಬಾದ್ ಸುರಂಗದ ಜಾಡು ಹಿಡಿದು ಅಧ್ಯಯನ ಮಾಡಿದ ಬಳಿಕ ಅದು ಮತ್ತೆ ಜನರ ಮಾತಿಗೆ ಬಂತು. 2016ರ ಬೇಸಿಗೆ ಮಾಂಜ್ರಾ ಕಣಿವೆಗೆ ಭೀಕರವಾಗಿತ್ತು. ನೆರೆಯ ಲಾತೂರಿಗೆ ಆ ಏಪ್ರಿಲ್‌ನಲ್ಲಿ ಮಿರಜ್‌ನಿಂದ ರೈಲಿನಲ್ಲಿ ನೀರು ತರಬೇಕಾಯಿತು. ಅದೇ ಬರದಲ್ಲಿ ಬೀದರ್ ಜಿಲ್ಲಾಧಿಕಾರಿಯಾಗಿದ್ದ ಅನುರಾಗ್ ತಿವಾರಿ ಅವರು ಕೆರೆಗಳ, ತೆರೆದ ಬಾವಿಗಳ ಹೂಳು ತೆಗೆಸುವ ಕೆಲಸವನ್ನು ಜನರ ಜೊತೆಗೂಡಿ ಕೈಗೆತ್ತಿಕೊಂಡರು. ಕಾರೇಜ್ ಸ್ವಚ್ಛತೆಯೂ ಈ ಅವಧಿಯಲ್ಲಿ ನಡೆಯಿತು. ಅದೇ ವರ್ಷ ಮುಂಗಾರಿನ ಕೊನೆಯಲ್ಲಿ ಕಣಿವೆಯಲ್ಲಿ ಧಾರಾಕಾರ ಮಳೆಯಾಯಿತು. ಕೆರೆಯನ್ನು ಸಿದ್ಧವಾಗಿಟ್ಟುಕೊಳ್ಳುವುದು ಏಕೆ ಎಂಬ ಪಾಠವನ್ನು ಒಂದೇ ವರ್ಷದ ಬರ ಮತ್ತು ಮಳೆ ಕಲಿಸಿದವು.

ಈ ಅನುಭವದಿಂದ ನಗರದ ಕಾರ್ಯಕ್ರಮಗಳಿಗೆ ಒಂದು ದಾರಿ ಸಿಗುತ್ತದೆ. ಪಾರಂಪರಿಕ ನಡಿಗೆಯೆಂದರೆ ಕೋಟೆ, ಮದರಸಾ, ಗುಂಬಜ್‌ಗಳ ನಡಿಗೆ ಎಂದೇ ರೂಢಿ. ಅದೇ ನಡಿಗೆ ಕೋಟೆಯ ಕಲ್ಲು ಕಡಿದ ಕಂದಕ, ಕಾರೇಜ್‌ನ ಕಂಡಿ, ಝೀರಾ, ಪಾಪನಾಶ ಕೆರೆಗಳನ್ನು ಒಂದೇ ದಾರದಲ್ಲಿ ಪೋಣಿಸಿದರೆ, ಇವೆಲ್ಲ ಒಂದೇ ನೀರಿನ ನಿಲ್ದಾಣಗಳು ಎಂಬುದು ನಡೆದವರ ಮನಸ್ಸಿಗೆ ನಾಟುತ್ತದೆ. ಎಲ್ಲ ಧರ್ಮದವರೂ ಪವಿತ್ರವೆಂದು ಭಾವಿಸುವ ನೀರಿನ ತಾಣಗಳು ಒಂದೇ ಕಲ್ಲಿನಿಂದ ಜಿನುಗುತ್ತಿರುವುದು ಈ ನಗರಕ್ಕೆ ದಕ್ಕಿದ ಭಾಗ್ಯ. ದೇವಾಲಯ, ಗುರುದ್ವಾರ, ದರ್ಗಾಗಳ ಅಂಗಳದಿಂದ ಹೊರಡುವ ಮಾತಿಗೆ ಸರ್ಕಾರಿ ಫಲಕಕ್ಕಿಲ್ಲದ ಬಲವಿರುತ್ತದೆ.

ಭಾಲ್ಕಿ: ಹೂಳು, ಹಿನ್ನೀರು, ಮಠ

ಭಾಲ್ಕಿಯಲ್ಲಿ ಶಿಕ್ಷಣವೆಂದರೆ ಹಿರೇಮಠ ಸಂಸ್ಥಾನದ ಚನ್ನಬಸವ ಪಟ್ಟದ್ದೇವರ ನೆನಪು ಬರುತ್ತದೆ. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಹಿರಿಯರು ಅವರು. ಸರ್ಕಾರದ ಬೆಂಬಲ ಇಲ್ಲದ ಕಾಲದಲ್ಲೂ ಊರಿನ ನಂಬಿಕೆ ಗಳಿಸಿದ ಸಂಸ್ಥೆಯೊಂದು ಜನಶಿಕ್ಷಣವನ್ನು ನಡೆಸಬಲ್ಲದು ಎಂಬುದಕ್ಕೆ ಈ ನೆಲದಲ್ಲೇ ಇರುವ ಉದಾಹರಣೆ ಇದು. ಕೆರೆಯ ಕೆಲಸವನ್ನು ಕಾಯಕವೆಂದು, ನೀರು ಹಂಚಿಕೊಳ್ಳುವುದನ್ನು ದಾಸೋಹವೆಂದು ಹೇಳಿದರೆ ಇಲ್ಲಿ ಬೇರೆ ಅನುವಾದ ಬೇಕಾಗುವುದಿಲ್ಲ.

ಕೆರೆಯ ಕೆಲಸದಲ್ಲಿ ಊರನ್ನು ತೊಡಗಿಸಿದ ದೊಡ್ಡ ಪ್ರಯೋಗವೂ ಜಿಲ್ಲೆಯಲ್ಲಿ ನಡೆದಿದೆ. ವಿಶ್ವಬ್ಯಾಂಕಿನ ನೆರವಿನಿಂದ 2002ರಲ್ಲಿ ಆರಂಭವಾದ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆಗೆ ಆಯ್ಕೆಯಾದ ಮೊದಲ ಒಂಬತ್ತು ಜಿಲ್ಲೆಗಳಲ್ಲಿ ಬೀದರ್ ಒಂದು. ಜಲಸಂವರ್ಧನೆ ಯೋಜನಾ ಸಂಘದ ಮೂಲಕ ನಡೆದ ಈ ಯೋಜನೆಯಲ್ಲಿ ಕೆರೆ ಬಳಕೆದಾರರ ಸಂಘಗಳು ರಚನೆಯಾದವು. ಅಚ್ಚುಕಟ್ಟಿನ ರೈತರ ಜೊತೆಗೆ ಮೀನುಗಾರರು, ಕುಂಬಾರರು, ದನ ಮೇಯಿಸುವವರು, ಬಟ್ಟೆ ಒಗೆಯುವವರು, ಭೂಮಿ ಇಲ್ಲದವರು, ಮಹಿಳೆಯರು ಎಲ್ಲರೂ ಕೆರೆಯ ಬಳಕೆದಾರರೇ ಎಂಬುದು ಅದರ ಮೂಲ ತತ್ವ. ಕೆರೆಯ ಅಭಿವೃದ್ಧಿ ಯೋಜನೆಯನ್ನು ಊರಿನವರು ಕುಳಿತು ಮಾಡಬೇಕು, ವೆಚ್ಚದ ಒಂದು ಪಾಲನ್ನು ತಾವೇ ಭರಿಸಬೇಕು ಎಂಬ ನಿಯಮವಿತ್ತು. ಇಂಥ ಯೋಜನೆಗಳಲ್ಲಿ ಕಠಿಣವಾದ ಘಟ್ಟ ಹಣ ಮುಗಿದ ಮೇಲೆ ಬರುತ್ತದೆ. ಆಗಲೂ ಸಂಘ ಸಭೆ ಸೇರಬೇಕಾದರೆ ಮೀನಿನ ಗುತ್ತಿಗೆ, ನೀರಿನ ಹಂಚಿಕೆ, ಹೂಳಿನ ವಿಲೇವಾರಿ ಇವುಗಳಲ್ಲಿ ಒಂದಾದರೂ ನಿಜವಾದ ತೀರ್ಮಾನ ಅದರ ಕೈಯಲ್ಲಿರಬೇಕು.

ಹೂಳಿನ ವಿಷಯದಲ್ಲಿ ಸರಿಯಾದ ತಿಳಿವಳಿಕೆ ಬಹಳ ಅಗತ್ಯ. ಕೆರೆಯ ಹೂಳು ಹೊಲಕ್ಕೆ ಒಳ್ಳೆಯದೆಂದು ರೈತರಿಗೆ ತಲೆಮಾರುಗಳಿಂದ ಗೊತ್ತು. ಹಿಂದೆ ಬಂಡಿಯಲ್ಲಿ ಹೇರುವಾಗ ತೆಳ್ಳಗೆ, ಹರವಾಗಿ ತೆಗೆಯುತ್ತಿದ್ದರು. ಯಂತ್ರ ಬಂದ ಮೇಲೆ ಒಂದೇ ಕಡೆ ಆಳವಾಗಿ ತೋಡುವುದು ಸುಲಭವಾಯಿತು. ಹಾಗೆ ತೋಡಿದಾಗ ಮೂರು ನಷ್ಟಗಳಾಗುತ್ತವೆ. ನೀರನ್ನು ಹಿಡಿದಿಡುವ ತಳದ ಜೇಡಿಪದರ ಒಡೆಯಬಹುದು. ದಡದ ಮೊಣಕಾಲುದ್ದದ ನೀರು ಹೋಗಿಬಿಡುತ್ತದೆ, ಮೆಟ್ಟುಗಾಲು ಹಕ್ಕಿ, ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿಗಳು ಮೇಯುವುದು, ಮೀನು ಮೊಟ್ಟೆಯಿಡುವುದು ಅಲ್ಲೇ. ಕಡಿದಾದ ಗುಂಡಿಗಳಲ್ಲಿ ಈಜಲು ಇಳಿದ ಮಕ್ಕಳ ಪ್ರಾಣಕ್ಕೂ ಅಪಾಯ. ಇಳಿಜಾರಾದ ದಡ ಉಳಿಸಿ ಹೂಳು ತೆಗೆಯುವ ವಿಧಾನವನ್ನು ಯಂತ್ರದ ಚಾಲಕರಿಗೂ ಪಂಚಾಯಿತಿ ಸದಸ್ಯರಿಗೂ ಏರಿಯ ಮೇಲೆ ನಿಂತು ತೋರಿಸುವ ಒಂದು ಬೆಳಗು, ಸಭಾಂಗಣದ ಹತ್ತು ಉಪನ್ಯಾಸಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಕಾರಂಜಾ ಹಿನ್ನೀರಿನ ಸುತ್ತ ಕಬ್ಬಿನ ಬೆಳೆಯಿದೆ. ಹೊಲಕ್ಕೆ ಹಾಕಿದ ಗೊಬ್ಬರದಲ್ಲಿ ಬೆಳೆ ಹೀರದೆ ಉಳಿದದ್ದು ಮಳೆಯಲ್ಲಿ ತೊಳೆದು ನೀರು ಸೇರುತ್ತದೆ. ಸಾರಜನಕ, ರಂಜಕ ಹೆಚ್ಚಾದ ನೀರಿನಲ್ಲಿ ಪಾಚಿ, ಜಲಕುಂಭಿ ಹಬ್ಬುತ್ತವೆ, ಮೀನಿಗೆ ಆಮ್ಲಜನಕ ಸಾಲದಾಗುತ್ತದೆ. ರೈತರ ಜೊತೆಗಿನ ಮಾತು ಹಕ್ಕಿಯಿಂದ ಶುರುವಾಗುವುದಕ್ಕಿಂತ ಗೊಬ್ಬರದ ಖರ್ಚಿನಿಂದ ಶುರುವಾದರೆ ಕಿವಿಗೆ ಬೀಳುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಹಾಕಿದರೆ ಹಣವೂ ಉಳಿಯುತ್ತದೆ, ನೀರೂ ತಿಳಿಯಾಗಿರುತ್ತದೆ.

ಔರಾದ್: ಒಂದು ನೀರು, ನಾಲ್ಕು ಹೆಸರು

ಔರಾದ್ ಗಡಿಯ ತಾಲ್ಲೂಕು. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಕನ್ನಡದವರ ಕೆರೆ ಇಲ್ಲಿ ಮರಾಠಿಯಲ್ಲಿ ತಳೆ, ತೆಲುಗಿನಲ್ಲಿ ಚೆರುವು, ಉರ್ದುವಿನಲ್ಲಿ ತಲಾಬ್. ಒಂದೇ ಭಾಷೆಯ ಭಿತ್ತಿಪತ್ರ ಈ ಊರುಗಳಲ್ಲಿ ಅರ್ಧ ದಾರಿಯವರೆಗೆ ಮಾತ್ರ ಹೋಗುತ್ತದೆ. ಚಿತ್ರ, ಬೀದಿನಾಟಕ, ಭಜನೆ, ಹೊಲದ ಬದಿಯ ಮಾತುಕತೆ ಎಲ್ಲರನ್ನೂ ಮುಟ್ಟುತ್ತವೆ. ಮಾಂಜ್ರಾ ಕೂಡ ಭಾಷೆಯ ಗಡಿ ನೋಡದೆ ಹರಿಯುವ ನದಿ. ಕೆಳಗೆ ತೆಲಂಗಾಣದ ಸಂಗಾರೆಡ್ಡಿ ಬಳಿ ಅದೇ ನದಿಯಲ್ಲಿ ಮೊಸಳೆಗಳಿಗೂ ನೀರುಹಕ್ಕಿಗಳಿಗೂ ಹೆಸರಾದ ಮಂಜೀರಾ ವನ್ಯಜೀವಿಧಾಮವಿದೆ. ಮೇಲಿನ ದಂಡೆಯಲ್ಲಿ ಮರಳು ತೋಡಿದರೆ, ಕೊಳಚೆ ಬಿಟ್ಟರೆ ಅದರ ಫಲ ಅಲ್ಲಿಯವರೆಗೂ ಮುಟ್ಟುತ್ತದೆ.

ಇಲ್ಲಿನ ಕೆರೆ ದಂಡೆಯನ್ನು ದಿನವೂ ನೋಡುವವರು ದನಗಾಹಿಗಳು. ಬಿಳಿ ಮೈ, ಕರಿ ಮಚ್ಚೆಯ ದೇವಣಿ ತಳಿಯ ಸೀಮೆ ಇದು. ಯಾವ ತಿಂಗಳು ನೀರು ಎಷ್ಟು ಹಿಂದೆ ಸರಿಯುತ್ತದೆ, ಯಾವ ಹುಲ್ಲು ಮೊದಲು ಚಿಗುರುತ್ತದೆ, ಯಾವ ಹಕ್ಕಿ ಯಾವಾಗ ಬರುತ್ತದೆ ಎಂಬುದನ್ನು ಅವರು ಬಲ್ಲರು. ಅವರಿಗೆ ತಿಳಿಸಬೇಕಾದದ್ದೂ ಇದೆ. ಕೊಳೆತು ನಿಂತ ನೀರಿನ ಬಸವನಹುಳುಗಳ ಮೂಲಕ ದನಗಳಿಗೆ ಯಕೃತ್ತಿನ ಹುಳುಬಾಧೆ ತಗಲುತ್ತದೆ. ಕೆರೆಯ ಆರೋಗ್ಯ ದನದ ಆರೋಗ್ಯವೂ ಹೌದು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ. ಬೀದರ್‌ನಲ್ಲೇ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಇರುವುದರಿಂದ ದನ, ಮೀನು, ನೀರು ಮೂರನ್ನೂ ಕೂಡಿಸಿ ಕಲಿಸಬಲ್ಲ ತಜ್ಞರು ದೂರದಲ್ಲಿಲ್ಲ. ಜನವಾಡದ ಕೃಷಿ ವಿಜ್ಞಾನ ಕೇಂದ್ರವೂ ಹತ್ತಿರದಲ್ಲಿದೆ.

ಕೆರೆಯ ಪಂಚಾಂಗ

ಫೆಬ್ರವರಿ 2ರಂದು ಒಂದು ಜಾಥಾ, ಒಂದು ಪ್ರಬಂಧ ಸ್ಪರ್ಧೆ ನಡೆಸಿ ಮುಗಿಸಿದರೆ ಅರಿವು ಆ ದಿನಕ್ಕೇ ಮುಗಿಯುತ್ತದೆ. ಕೆರೆ ವರ್ಷವಿಡೀ ರೂಪ ಬದಲಿಸುತ್ತದೆ, ಪಾಠವೂ ಅದರ ಜೊತೆ ಸಾಗಬೇಕು. ಮೃಗಶಿರ ಮಳೆಗೆ ಮುಂಚೆ ನೀರು ಬರುವ ಹಳ್ಳಕಾಲುವೆಗಳ ಜಾಡಿನಲ್ಲಿ ನಡೆದು ತಡೆ, ಕಸ, ಒತ್ತುವರಿಗಳನ್ನು ಗುರುತಿಸುವ ಕೆಲಸ. ಗಣೇಶ ಚೌತಿಗೆ ಬಣ್ಣವಿಲ್ಲದ ಮಣ್ಣಿನ ಮೂರ್ತಿ, ವಿಸರ್ಜನೆಗೆ ಪ್ರತ್ಯೇಕ ಹೊಂಡ. ಮಳೆ ನಿಂತ ಮೇಲೆ ನೀರಿನ ಮಟ್ಟದ ದಾಖಲೆ.

ಎಳ್ಳ ಅಮಾವಾಸ್ಯೆ ಈ ಭಾಗದ ದೊಡ್ಡ ಹಬ್ಬ. ಮನೆಮಂದಿಯೆಲ್ಲ ಭಜ್ಜಿ, ರೊಟ್ಟಿ, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚೆರಗ ಚೆಲ್ಲಿ ಊಟ ಮಾಡುವ ಆ ದಿನಗಳಲ್ಲೇ ಉತ್ತರದ ಚಳಿಯಿಂದ ವಲಸೆ ಹಕ್ಕಿಗಳು ಕೆರೆಗಳಿಗೆ ಬಂದಿರುತ್ತವೆ. 1987ರಿಂದ ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾದ ನೀರುಹಕ್ಕಿ ಗಣತಿಯ ಸಮಯವೂ ಅದೇ. ಹಬ್ಬಕ್ಕೆ ಹೊಲಕ್ಕೆ ಬಂದ ಮಕ್ಕಳು ಕೆರೆಯ ಕಡೆ ಹೊರಳಿ ನಾಮದ ಕೋಳಿ, ಗುಳುಮುಳುಕ, ನೀರುಕಾಗೆಗಳನ್ನು ಎಣಿಸಿ ಬರೆದುಕೊಂಡರೆ ಅದು ಹಬ್ಬದ ಭಾಗವೇ ಆಗುತ್ತದೆ. ಶಿವರಾತ್ರಿಗೆ ಪಾಪನಾಶದಲ್ಲಿ ಸೇರುವ ಜನಸಂದಣಿ ಪ್ಲಾಸ್ಟಿಕ್ ಬೇಡವೆಂದು ತಿಳಿಸಲು ಒಳ್ಳೆಯ ಅವಕಾಶ. ಬೇಸಿಗೆಯಲ್ಲಿ ಕೆರೆಯ ತಳ ಕಂಡಾಗ ಹೂಳಿನ ಅಳತೆ, ಮುಂದಿನ ವರ್ಷದ ಯೋಜನೆ.

ಅಳೆದು ತಿಳಿಯುವುದು

ಕಾರ್ಯಕ್ರಮ ಫಲ ಕೊಟ್ಟಿತೇ ಎಂಬುದನ್ನು ಬಂದವರ ಸಂಖ್ಯೆ, ಹಂಚಿದ ಕರಪತ್ರಗಳ ಲೆಕ್ಕ ಹೇಳಲಾರವು. ಕೆರೆಯೇ ಹೇಳಬೇಕು. ಅದಕ್ಕೆ ಸರಳವಾದ ಸಾಧನಗಳಿವೆ. ಇಟಲಿಯ ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ 1865ರಲ್ಲಿ ಬಳಕೆಗೆ ತಂದ ತಟ್ಟೆಯ ವಿಧಾನ ಅಂಥದ್ದು. ಹಳೆಯ ತಗಡನ್ನು 20 ಸೆಂಟಿಮೀಟರ್ ಅಗಲದ ತಟ್ಟೆಯಾಗಿ ಕತ್ತರಿಸಿ, ನಾಲ್ಕು ಭಾಗ ಮಾಡಿ, ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಬಣ್ಣ ಬಳಿಯಬೇಕು. ನಡುವೆ ತೂತು ಕೊರೆದು, ಗೇಣಿಗೊಂದು ಗಂಟು ಹಾಕಿದ ಹಗ್ಗ ಕಟ್ಟಿ, ಅಡಿಗೆ ಕಲ್ಲಿನ ಭಾರ ತೂಗಿಬಿಟ್ಟು ನೀರಿಗೆ ಇಳಿಸಬೇಕು. ತಟ್ಟೆ ಕಣ್ಣಿಗೆ ಮರೆಯಾದಾಗ ಎಷ್ಟು ಗಂಟು ಮುಳುಗಿದವು ಎಂಬುದೇ ನೀರಿನ ತಿಳಿತನದ ಅಳತೆ. ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಅಳೆದು ಶಾಲೆಯ ಗೋಡೆಯ ಮೇಲೆ ಬರೆದರೆ ಊರೇ ಓದುತ್ತದೆ. ಮಳೆಯ ಕೆಂಪು ನೀರಿಗೂ ಚರಂಡಿಯ ಹಸಿರು ನೀರಿಗೂ ಇರುವ ವ್ಯತ್ಯಾಸ ಎರಡು ವರ್ಷದ ಬರಹದಲ್ಲಿ ಸ್ಪಷ್ಟವಾಗುತ್ತದೆ. ಜಿಲ್ಲಾ ಮಟ್ಟದ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಹುಡುಕಬೇಕಿಲ್ಲ.

ಇಂಥ ದಾಖಲೆಗೆ ಆಡಳಿತದಲ್ಲೂ ಜಾಗವಿದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. ಮಕ್ಕಳ ಹಕ್ಕಿ ಎಣಿಕೆ, ದನಗಾಹಿಗಳ ತಿಳಿವಳಿಕೆ, ಹಿರಿಯರು ಗುರುತಿಸಿದ ಹಳೆಯ ಗಡಿ ಇವೆಲ್ಲ ಅದರಲ್ಲಿ ಸೇರಿದರೆ, ಒತ್ತುವರಿಯ ಪ್ರಶ್ನೆ ಬಂದಾಗ ಗ್ರಾಮಸಭೆಯ ಮುಂದೆ ಇಡಲು ಕಾಗದವಿರುತ್ತದೆ. ಕರ್ನಾಟಕದಲ್ಲಿ 40 ಹೆಕ್ಟೇರ್‌ವರೆಗೆ ಅಚ್ಚುಕಟ್ಟಿರುವ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ ಉಸ್ತುವಾರಿಗೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ, ಆ ದೊಡ್ಡ ಕೆರೆಗಳ ಮೀನು ಸಾಕಣೆಯ ಗುತ್ತಿಗೆ ಮೀನುಗಾರಿಕೆ ಇಲಾಖೆಯದು. ಯಾವ ದೂರು ಯಾವ ಬಾಗಿಲಿಗೆ ಎಂಬುದನ್ನು ತಿಳಿಸುವುದೂ ಜನಶಿಕ್ಷಣದ ಒಂದು ಪಾಠ.

ಝೀರಾದ ಹನಿ, ಕಾರೇಜ್‌ನ ಕಂಡಿ, ಕಾರಂಜಾ ಹಿನ್ನೀರು, ಮಾಂಜ್ರಾ ದಂಡೆ ಇವುಗಳನ್ನು ಬಲ್ಲ ಜನ ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ಇಂದಿಗೂ ಇದ್ದಾರೆ. ಅವರ ಅರಿವಿಗೆ ವಿಜ್ಞಾನದ ಅಳತೆ ಕೂಡಬೇಕು, ಅಳತೆಗೆ ಗ್ರಾಮಸಭೆಯ ತೀರ್ಮಾನದ ಬಲ ಕೂಡಬೇಕು. ಕಾನೂನಿನ ವ್ಯಾಪ್ತಿಯಿಂದ ಹೊರಗುಳಿದ ಕೆರೆಗೆ ಊರಿನ ಆ ತಿಳಿವಳಿಕೆಯೇ ಬೇಲಿ.